ಸಾವಿರ ವರ್ಷದ ಹಿಂದಿನ ಕುರಿಗಳು

ನನಗೆ ಡಿಗ್ರಿ ಆಗುವುದೇ ಇಲ್ಲ ಎಂದು ಮೊಟ್ಟಮೊದಲು ಹೇಳಿದವನು ನಮ್ಮ ಕಾಕಾ. ಹತ್ತನೆಯ ಇಯತ್ತೆಯ ಫಲಿತಾಂಶ ಬಂದ ದಿನ ಪೇಢೆಯ ಡಬ್ಬಿ ಹಿಡಿದುಕೊಂಡು ಅವನ ಮುಂದೆ ನಿಂತೆ. ಒಂದು ಪೇಢೆ ಬಾಯಿಗೆ ಹಾಕಿಕೊಂಡ, ಅದು ಪೂರ್ತಿ ಕರಗುವವರೆಗೆ ಯೋಚನೆ ಮಾಡಿದ, ಆಮೇಲೆ ಹೇಳಿದ: "ಹತ್ತು ಆತು, ಚಲೋ ಆತು. ಇನ್ನ ಮುಂದಿಂದು ಆಗೂದಿಲ್ಲ ಬಿಡು." ಹೇಳಿ ಎರಡನೆಯ ಪೇಢೆಗೆ ಕೈ ಹಾಕಿದ.

ಸಿಟ್ಟು ಬರಬೇಕಾಗಿತ್ತು, ನಿಜ. ಆದರೆ ನಮ್ಮ ಕಾಕಾ ಈ ಜಗತ್ತಿನಲ್ಲಿ ಯಾವುದಕ್ಕೆ 'ಆಗತೈತಿ' ಎಂದಿದ್ದಾನೆ ಹೇಳಿ! ನೇಸರಿಯ ಸ್ಟ್ಯಾಂಡಿನಲ್ಲಿ ಗಡಿಂಗ್ಲಜದ ಎಸ್‌ಟಿ ಬಸ್ಸು ಕಣ್ಣೆದುರಿಗೇ ನಿಂತಿರುತ್ತದೆ, ಕಂಡಕ್ಟರ್ ಗಂಟೆ ಬಾರಿಸುತ್ತಿರುತ್ತಾನೆ. ಕಾಕಾ ಒಂದು ಕಾಲು ಮೆಟ್ಟಿಲ ಮೇಲಿಟ್ಟು, "ಇದು ಮುಟ್ಟೂದಿಲ್ಲ," ಎನ್ನುತ್ತಾನೆ. ಒಂದು ತಾಸೂ ಹಿಡಿಯದ ದಾರಿಗೆ ನಾಲ್ಕು ಜನಕ್ಕಾಗುವಷ್ಟು ಬುತ್ತಿ ಕಟ್ಟಿಕೊಂಡು ಹತ್ತುತ್ತಾನೆ. ಒಂದು ಸಲ ಬಸ್ಸು ನಿಜವಾಗಿಯೂ ನಡುದಾರಿಯಲ್ಲಿ ಕೆಟ್ಟು ನಿಂತಿತು. ಆ ದಿನ ಅವನನ್ನು ನೋಡಬೇಕಾಗಿತ್ತು! ಮದುವೆ ಮನೆಯ ಯಜಮಾನನ ಹಾಗೆ ಓಡಾಡಿ ಎಲ್ಲರಿಗೂ ರೊಟ್ಟಿ, ಚಟ್ನಿ ಹಂಚಿದ. ಡ್ರೈವರನಿಗೆ, "ಇನ್ನೊಂದ ತಗೋರಿ, ನಾಚಬ್ಯಾಡ್ರಿ," ಎಂದು ಉಪಚಾರ ಮಾಡಿದ. ಬಸ್ಸು ಮತ್ತೆ ಶುರುವಾದಾಗ ಮಾತ್ರ ಅವನ ಮುಖ ಬಾಡಿಹೋಯಿತು.

ನಮ್ಮದು ಕುರಿ ಸಾಕುವ ಮನೆತನ. ನಾನು ತೊಟ್ಟಿಲಲ್ಲಿರುವಾಗಲೇ ಅಪ್ಪ ತೀರಿಕೊಂಡ. ಅವ್ವ ನನ್ನನ್ನು ಕರೆದುಕೊಂಡು ಇಚಲಕರಂಜಿಗೆ ಬಂದು ಪವರ್‌ಲೂಮಿನಲ್ಲಿ ನೂಲಿನ ಕಾಂಡಿ ಸುತ್ತುವ ಕೆಲಸ ಹಿಡಿದಳು. ಅಪ್ಪನ ತಮ್ಮನಾದ ಈ ಕಾಕಾ ನೇಸರಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಕುರಿಗಳ ಜೊತೆ ಉಳಿದ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ ಉತ್ತರ ನಿಮಗೇ ಗೊತ್ತು: "ನಮ್ಮಂಥವರಿಗೆ ಆಗೂದಿಲ್ಲ." ನನ್ನ ಶಾಲೆಯ ಕಾಗದಗಳಲ್ಲಿ ಪಾಲಕರ ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದವನು ಅವನೇ. ಪ್ರತಿ ಹೆಬ್ಬೆಟ್ಟಿನ ಜೊತೆಗೂ ಒಂದು 'ಆಗೂದಿಲ್ಲ' ಪುಕ್ಕಟೆ!

"ಅವನ ಮಾತು ಮನಸ್ಸಿಗೆ ಹಚ್ಚಿಕೋಬ್ಯಾಡ," ಎನ್ನುತ್ತಿದ್ದಳು ಅವ್ವ. "ಕುರಿಮರಿ ಹುಟ್ಟಿದ ಕೂಡ್ಲೇನ ಇದು ಉಳಿಯೂದಿಲ್ಲ ಅಂತಾನ. ಅಂದು ತನ್ನ ಕಂಬಳ್ಯಾಗ ಸುತ್ತಿ ಎದಿಗೆ ಅವಚಿಕೊಂಡು ಕುಂಡ್ರತಾನ. ಕುರಿ ಕಾಯಾವರ ಬಾಯಾಗ ಒಳ್ಳೇ ಮಾತು ಬಂದ್ರ ದೃಷ್ಟಿ ಆಗತೈತಂತ."

ಕುರಿಮರಿಗೆ ಕಂಬಳಿಯಾದರೂ ಸಿಗುತ್ತಿತ್ತು. ನನಗೆ ಬರೀ ಮಾತು!

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಇದನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ. ದಿನಾ ಇಚಲಕರಂಜಿಯಿಂದ ಕೊಲ್ಹಾಪುರಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ನಿಂತುಕೊಂಡೇ ಬಂದು ಓದಿದವಳಿಗೆ ಸಂಕೋಚ ಎಲ್ಲಿಂದ ಬರಬೇಕು? ನಾನು ಹಿಡಿದದ್ದು ಅನಿಮೇಶನ್ನಿನ ಡಿಗ್ರಿ. ಅದನ್ನು ಕಾಕಾನಿಗೆ ತಿಳಿಸಿ ಹೇಳುವ ಹೊತ್ತಿಗೆ ನನ್ನ ಅರ್ಧ ಆಯುಷ್ಯ ಮುಗಿಯಿತು.

"ಅಂದ್ರ ಏನ ಕಲಸ್ತಾರ ಅಲ್ಲೆ?"

"ಚಿತ್ರ ತಗದು ಅವಕ್ಕ ಜೀವಾ ಕೊಡೂದು ಕಾಕಾ. ನಿಂತ ಚಿತ್ರ ನಡಿಯೂ ಹಂಗ, ಮಾತಾಡೂ ಹಂಗ ಮಾಡೂದು."

"ಜೀವಾ ಕೊಡೂದು?"

"ಹೂಂ."

ಕಾಕಾ ತಲೆಯ ರುಮಾಲು ತೆಗೆದು ಮತ್ತೆ ಸುತ್ತಿಕೊಂಡ. "ಅದು ದೇವರ ಕೆಲಸ. ಅವಗ ಇನ್ನಾ ನೆಟ್ಟಗ ಬಂದಿಲ್ಲ. ನಿಮಗ ಹೆಂಗ ಬರತೈತಿ? ಆಗೂದಿಲ್ಲ."

ಮೂರನೆಯ ವರ್ಷಕ್ಕೆ ಬಂದಾಗ ಪ್ರಾಜೆಕ್ಟ್ ಎಂಬ ಗ್ರಹಚಾರ ಎದುರಾಯಿತು. ಹತ್ತು ನಿಮಿಷದ ಒಂದು ಚಿತ್ರ ಮಾಡಬೇಕು, ಅದು ಪಾಸಾದರೆ ಡಿಗ್ರಿ, ಇಲ್ಲದಿದ್ದರೆ ಮೂರು ವರ್ಷ ಬಸ್ಸಿನಲ್ಲಿ ನಿಂತದ್ದೆಲ್ಲ ವ್ಯರ್ಥ. ನಮ್ಮ ಸರ್ ಮರಾಠಿಯವರು, ಇತಿಹಾಸದ ಹುಚ್ಚಿದ್ದವರು. ತರಗತಿಯಲ್ಲಿ ಮೇಜು ಗುದ್ದಿ ಹೇಳಿದರು: ಪುಟ್ಟ ಮಕ್ಕಳಿಗೆ ಡೈನೋಸಾರುಗಳ ಹೆಸರುಗಳು ಬಾಯಿಪಾಠ ಬರುತ್ತವೆ, ಪರದೇಶದ ಕೋಟೆಗಳು ಗೊತ್ತು, ಸಾವಿರ ವರ್ಷದ ಹಿಂದೆ ಇದೇ ನೆಲದಲ್ಲಿ ಯಾರು ಉಳುತ್ತಿದ್ದರು, ಯಾರು ಆಳುತ್ತಿದ್ದರು ಕೇಳಿ ನೋಡಿ, ಬಾಯಿ ಬಿಡುತ್ತವೆ. ಕೊಲ್ಹಾಪುರವನ್ನು ಆಳಿದ ಶಿಲಾಹಾರ ಅರಸರ ಕಾಲವನ್ನು ಮಕ್ಕಳಿಗೆ ತೋರಿಸುವ ಚಿತ್ರ ಯಾರು ಮಾಡುತ್ತೀರಿ? ನಾನು ಕೈ ಎತ್ತಿದೆ. ಆ ಕೈಯನ್ನು ಇವತ್ತಿಗೂ ನಾನು ಕ್ಷಮಿಸಿಲ್ಲ.

ಮೊದಲು ಕಂಪ್ಯೂಟರಿನ ಸಿದ್ಧ ಚಿತ್ರಗಳ ಭಂಡಾರದಲ್ಲಿ 'ಮಧ್ಯಯುಗ' ಎಂದು ಹುಡುಕಿದೆ. ಚೂಪು ಗೋಪುರದ ಕೋಟೆ ಬಂತು. ಅದರ ಮೇಲೆ ಹಿಮ ಬೀಳುತ್ತಿತ್ತು! ಕೊಲ್ಹಾಪುರದ ಅರಸ ಹಿಮದಲ್ಲಿ ನಡುಗುತ್ತ ನಿಂತರೆ ಮಕ್ಕಳು ಏನು ಇತಿಹಾಸ ಕಲಿಯಬೇಕು? 'ರಾಜ' ಎಂದು ಹುಡುಕಿದರೆ ಬೆಕ್ಕಿನ ಕಣ್ಣಿನ, ಕೆಂಪು ಗಡ್ಡದ ಒಬ್ಬ ಬಂದ. ಒಂದು ವಾರ ಹುಡುಕಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನಮ್ಮ ಹಳ್ಳಿಯ ವೀರಗಲ್ಲು ನೆನಪಾಯಿತು.

ಕಾಕಾನ ಕುರಿಗಳು ಮಧ್ಯಾಹ್ನ ಮಲಗುವ ಬೇವಿನ ಮರದ ಬುಡದಲ್ಲಿ ಅದು ನಿಂತಿದೆ. ಮೂರು ಅಂತಸ್ತಿನ ಕೆತ್ತನೆ. ಕೆಳಗಿನದರಲ್ಲಿ ಒಬ್ಬ ಬಿಲ್ಲು ಹಿಡಿದು ಹೋರಾಡುತ್ತಿದ್ದಾನೆ, ಹಿಂದೆ ನಾಲ್ಕು ಕಾಲಿನ ಪ್ರಾಣಿಗಳು. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನದರಲ್ಲಿ ಲಿಂಗದ ಮುಂದೆ ಕೈ ಮುಗಿದು ಕೂತಿದ್ದಾನೆ. ಕಳ್ಳರ ದಂಡು ಬಂದು ಊರಿನ ಪ್ರಾಣಿಗಳನ್ನು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವನ ಕಲ್ಲು. ಫೋಟೋ ನೋಡಿ ಸರ್ ಕುರ್ಚಿಯಿಂದ ಎದ್ದೇಬಿಟ್ಟರು. "ಅಗ, ಹಾ ತರ ಸ್ಟೋರಿಬೋರ್ಡಚ ಆಹೇ!" ಇದು ಸ್ಟೋರಿಬೋರ್ಡೇ, ಚಿತ್ರದ ದೃಶ್ಯಗಳನ್ನು ಸಾವಿರ ವರ್ಷದ ಹಿಂದೆಯೇ ಯಾರೋ ಸಾಲಾಗಿ ಬಿಡಿಸಿಟ್ಟಿದ್ದಾರೆ, ನೀನು ಬರೀ ಓಡಿಸಿದರೆ ಸಾಕು ಎಂದರು.

ಬರೀ ಓಡಿಸಿದರೆ ಸಾಕು! ಸರ್‌ಗೇನು ಗೊತ್ತು, ಆ ಕಲ್ಲಿನ ವಕೀಲ ಯಾರೆಂದು?

ನಮ್ಮ ಮನೆಯಲ್ಲಿ ಆ ಕಲ್ಲಿಗೆ ಕಲ್ಲಜ್ಜ ಎನ್ನುತ್ತಾರೆ. ಅಮಾವಾಸ್ಯೆಗೊಮ್ಮೆ ಎಣ್ಣೆ, ಅರಿಶಿನ ಹಚ್ಚುತ್ತಾರೆ. ನಾನು ಹಳ್ಳಿಗೆ ಹೋಗಿ ವಿಷಯ ತಿಳಿಸಿದಾಗ ಕಾಕಾ ಕೋಲು ಊರಿಕೊಂಡು ಕಲ್ಲಿನ ಕಡೆ ತಿರುಗಿದ.

"ಸತ್ತು ಮಲಗಿದಾಂವನ್ನ ಎಬ್ಬಿಸಿ ಓಡ್ಯಾಡಸ್ತೀರಿ?"

"ಚಿತ್ರದಾಗ ಕಾಕಾ."

"ಮತ್ತ ಸಾಯಬೇಕಲ್ಲ ಅಂವ? ಒಂದ ಸಲ ಸತ್ತದ್ದು ಸಾಲದೇನು? ಅವನ್ನ ಒಂದ ಮಾತು ಕೇಳೀಯೇನು?"

ಇದಕ್ಕೆ ಯಾವ ಪುಸ್ತಕದಲ್ಲಿ ಉತ್ತರವಿದೆ, ನೀವೇ ಹೇಳಿ. ಕಲ್ಲಜ್ಜನನ್ನು ಕೇಳುವುದೆಂದು ತೀರ್ಮಾನವಾಯಿತು. ನಮ್ಮಲ್ಲಿ ದೇವರನ್ನು ಕೇಳುವ ಪದ್ಧತಿ ಹೀಗೆ: ಕಲ್ಲಿನ ಎರಡು ಭುಜಕ್ಕೆ ಎರಡು ಸೇವಂತಿಗೆ ಹೂವು ಅಂಟಿಸಬೇಕು. ಬಲಗಡೆಯದು ಮೊದಲು ಬಿದ್ದರೆ ಹೂಂ. ಎಡಗಡೆಯದು ಬಿದ್ದರೆ ಊಹೂಂ. ಅಂಟಿಸಿದೆವು, ಕೂತೆವು. ಮಧ್ಯಾಹ್ನವಾಯಿತು, ಸಂಜೆಯಾಯಿತು. ಎರಡೂ ಹೂವು ಅಲ್ಲಾಡಲಿಲ್ಲ. ಮರುದಿನ ಹೊಸ ಹೂವು. ಅವೂ ಅಲ್ಲಾಡಲಿಲ್ಲ. ತಲೆತಲಾಂತರದಿಂದ ಎಣ್ಣೆ ಕುಡಿದು ಅಂಟಂಟಾದ ಕಲ್ಲು ಅದು! ಆನೆ ತಂದು ಅಂಟಿಸಿದರೂ ಬೀಳುತ್ತಿರಲಿಲ್ಲ. ಅತ್ತ ಕೊಲ್ಹಾಪುರದಲ್ಲಿ ನನ್ನ ಜೊತೆಯವರೆಲ್ಲ ಅರ್ಧ ಚಿತ್ರ ಮುಗಿಸಿದ್ದರು. ಇತ್ತ ನಾನು ಬೇವಿನ ಮರದ ಕೆಳಗೆ ಒಂದು ಹೂವು ಬೀಳಲೆಂದು ಕಾಯುತ್ತಿದ್ದೆ. ಸರ್ ಫೋನ್ ಮಾಡಿ, "ಕೆಲಸ ಎಲ್ಲಿಗೆ ಬಂತು?" ಎಂದರೆ ಏನು ಹೇಳಲಿ? ನಾಯಕನ ಒಪ್ಪಿಗೆ ಇನ್ನೂ ಬಂದಿಲ್ಲ ಸರ್ ಎಂದೆ. ದೊಡ್ಡ ನಟನೊಬ್ಬನನ್ನು ಧ್ವನಿ ಕೊಡಲು ಕೇಳಿಕೊಂಡಿದ್ದೇನೆಂದು ತಿಳಿದು ಅವರು ಖುಷಿಪಟ್ಟರು.

ಮೂರನೆಯ ದಿನ ಕಾಕಾ ಕುರಿಗಳಿಗೆ ನೀರು ಕುಡಿಸಲು ಹೋದಾಗ ನಾನು ಒಂದು ಪಾಪ ಮಾಡಿದೆ. ಓಡಣಿಯ ತುದಿಯಿಂದ ಕಲ್ಲಜ್ಜನ ಬಲಭುಜದ ಎಣ್ಣೆಯನ್ನು ತಿಕ್ಕಿ ತಿಕ್ಕಿ ಒರೆಸಿದೆ. ಕಾಕಾ ಬಂದು ಹೂವು ಅಂಟಿಸಿ ಕೈ ತೆಗೆಯುವುದಕ್ಕಿಲ್ಲ, ಬಲಗಡೆಯದು ಪಟ್ಟನೆ ಬಿತ್ತು.

ಕಾಕಾ ಕಲ್ಲನ್ನು ನೋಡಿದ. ನನ್ನ ಓಡಣಿ ನೋಡಿದ. "ಅಜ್ಜಗ ಭಾಳ ಬೆವರು ಬಂದಿತ್ತು ಅನಸ್ತೈತಿ," ಎಂದ. "ಯಾರೋ ಪುಣ್ಯಾತ್ಮರು ಒರಸ್ಯಾರ."

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಬಂದದ್ದ ಬಂದೇವಿ, ಇನ್ನೊಂದು ಕೇಳೇ ಬಿಡೂಣು," ಎಂದ ಕಾಕಾ. ಕೆಳಗಿನ ಕೆತ್ತನೆಯ ಪ್ರಾಣಿಗಳು ಸವೆದು ಮೊದ್ದಾಗಿದ್ದವು. ಸರ್ ಅವು ದನ ಎಂದಿದ್ದರು. ಆ ಕಾಲದಲ್ಲಿ ಇಂಥ ಕಾದಾಟಗಳು ದನಗಳಿಗಾಗಿಯೇ ನಡೆಯುತ್ತಿದ್ದವಂತೆ. ಕಾಕಾನ ಪ್ರಕಾರ ಅವು ಕುರಿ. "ದನಾ ಕಳಕೊಂಡಾವ ಅಳಕೋತ ಕುಂಡ್ರತಾನ. ಕುರಿಗಾಗಿ ಸಾಯಾವ ನಮ್ಮಾಂವ ಒಬ್ಬನ." ಹೂವು ಅಂಟಿಸಿದ: ಬಲಗಡೆಯದು ಬಿದ್ದರೆ ಕುರಿ, ಎಡಗಡೆಯದು ಬಿದ್ದರೆ ದನ. ಬಲಭುಜವನ್ನು ಕನ್ನಡಿಯಂತೆ ಉಜ್ಜಿಟ್ಟವಳು ಯಾರು? ನಾನೇ! ಏನು ಬಿದ್ದಿರಬಹುದು ಹೇಳಿ!

"ಕುರಿ ಅಂತ ಯಾವ ಆಧಾರದ ಮೇಲೆ?" ಎಂದು ಸರ್ ಕೇಳಿದರು. ಆಧಾರಗಳ ಪಟ್ಟಿಯಲ್ಲಿ 'ಸ್ಥಳೀಯ ಹಿರಿಯರ ಹೇಳಿಕೆ' ಎಂದು ಬರೆದೆ. ಹೂವು ಎಂದು ಬರೆಯಲು ಧೈರ್ಯವಾಗಲಿಲ್ಲ.

ಹೋಗಲಿ, ಕುರಿಯಾದರೆ ಸುಲಭ ಎಂದುಕೊಂಡೆ. ಭಂಡಾರದಿಂದ ಒಂದು ಸಿದ್ಧ ಕುರಿ ತೆಗೆದು, ಅದನ್ನೇ ನಕಲು ಮಾಡಿ ಮೂವತ್ತು ಕುರಿಗಳ ಹಿಂಡು ಮಾಡಿದೆ. ಅಷ್ಟರಲ್ಲಿ ಕಾಕಾ ಇಚಲಕರಂಜಿಗೆ ಬಂದ. ಹಿಂಡನ್ನು ಪಕ್ಕದವನಿಗೆ ಒಪ್ಪಿಸಿ, ಬುತ್ತಿ ಕಟ್ಟಿಕೊಂಡು, ಎರಡು ಬಸ್ಸು ಬದಲಾಯಿಸಿ, ಎರಡೂ ಮುಟ್ಟುವುದಿಲ್ಲವೆಂದು ಹೇಳಿಕೊಂಡೇ ಬಂದ. ಕಂಪ್ಯೂಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಇದೇನಿದು?"

"ಕುರಿ."

"ಇದು ಕುರಿ ಅಲ್ಲ, ಸಾಬೂನಿನ ಬುರುಗು. ಇಷ್ಟು ಬೆಳ್ಳಗ, ಇಷ್ಟು ಉಬ್ಬಿದ್ದು ನಮ್ಮ ಬಿಸಿಲಾಗ ಹೆಂಗ ಬದಕತೈತಿ? ನಮ್ಮವು ಕರೀವು. ಕಿವಿ ಜೋತ ಬಿದ್ದಿರತಾವ. ಮೂಗು ಬಾಗಿರತೈತಿ."

ಕರಿ ಕುರಿ ಬಿಡಿಸಿದೆ. ಒಂದನ್ನು ಬಿಡಿಸಿ ಮತ್ತೆ ಮೂವತ್ತಾಗಿ ನಕಲು ಮಾಡಿದೆ. ಹಿಂಡು ಪರದೆಯ ಮೇಲೆ ನಡೆಯಿತು. ಕಾಕಾ ಮುಂದಕ್ಕೆ ಬಾಗಿದ.

"ತಡಿ, ತಡಿ. ಈ ಕುರಿ ಈಗ ಹೋಗಿತ್ತಲ್ಲ? ಮತ್ತ ಬಂತು!"

"ಇದು ಬ್ಯಾರೇದು ಕಾಕಾ."

"ನನಗ ಹೇಳ್ತೀಯೇನು? ಮೂರನೇದು, ಎಂಟನೇದು, ಅಲ್ಲೆ ಕಡೀಕಿಂದು, ಎಲ್ಲಾ ಅದ ಕುರಿ. ಒಂದ ಕುರಿ ತಿರಿಗಿ ತಿರಿಗಿ ಬರಾಕತ್ತೈತಿ. ಒಂದ ಕುರಿ ಉಳಸಾಕ ಅಜ್ಜ ಜೀವಾ ಕೊಟ್ಟನೇನು?"

ಮಕ್ಕಳಿಗೆ ಅದು ಕಾಣುವುದಿಲ್ಲ ಎಂದೆ. ಪರೀಕ್ಷಕರಿಗೂ ಕಾಣುವುದಿಲ್ಲ ಎಂದೆ. ಅವ್ವ ಕೂಡ, "ಹೋಗಲಿ ಬಿಡೋ, ಪೋರಿಗೆ ದಿನಾ ಉಳದಿಲ್ಲ," ಎಂದಳು. ಕಾಕಾ ಕೇಳಲಿಲ್ಲ. ಗೋಡೆಗೆ ಒರಗಿ, ಕಣ್ಣು ಮುಚ್ಚಿ, ತನ್ನ ಹಿಂಡಿನ ಒಂದೊಂದೇ ಕುರಿಯನ್ನು ಹೇಳತೊಡಗಿದ. ಕಿವಿ ಹರಿದದ್ದು. ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದದ್ದು. ಮುಂಗಾಲು ಎಳೆಯುವುದು. ಯಾವಾಗಲೂ ಹಿಂದೆ ತಿರುಗಿ ನೋಡುವುದು. ತಾಯಿ ಸತ್ತದ್ದು, ಹಾಗಾಗಿ ಎಲ್ಲ ಕುರಿಗಳ ಹೊಟ್ಟೆಯ ಕೆಳಗೂ ಮೂಗು ತೂರಿಸುವುದು. ಸಾವಿರ ವರ್ಷದ ಹಿಂದಿನ ಹಿಂಡು ಅಂತ ನಾನು ಬಿಡಿಸಿದ್ದೆಲ್ಲ ಹೋದ ವಾರ ನೇಸರಿಯ ಬಯಲಲ್ಲಿ ಮೇಯುತ್ತಿದ್ದ ಕುರಿಗಳೇ. ಮೂವತ್ತು ಕುರಿ, ಮೂವತ್ತು ನಡಿಗೆ. ಅರಸನಿಗೆ ಸಮಯ ಉಳಿಯಲಿಲ್ಲ. ಅವನು ಆನೆಯ ಮೇಲೆ ಬಂದು, ಕೈ ಎತ್ತಿ, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತಾನೆ.

ಧ್ವನಿಯ ಕಥೆ ಕೇಳಿದರೆ ಅಳುತ್ತೀರಿ. ನಾವಿದ್ದ ಖೋಲಿಯ ಎರಡೂ ಬದಿಗೆ ಪವರ್‌ಲೂಮು. ಹಗಲಿಡೀ ಖಟಾಖಟ್ ಖಟಾಖಟ್. ವೀರನ ಮಾತಿಗೆ ಕಾಕಾನ ಧ್ವನಿಯೇ ಬೇಕೆಂದು ನನಗೆ ಆಸೆ. ಲೂಮು ನಿಲ್ಲಬೇಕೆಂದರೆ ಕರೆಂಟು ಹೋಗಬೇಕು. ಕರೆಂಟು ಹೋದರೆ ನನ್ನ ಕಂಪ್ಯೂಟರೂ ನಿಲ್ಲುತ್ತದೆ! ಕೊನೆಗೆ ಮೊಬೈಲ್ ಹಿಡಿದುಕೊಂಡು ಕರೆಂಟು ಹೋಗುವುದನ್ನೇ ಕಾದೆವು. ಹೋಯಿತು. ಓಣಿ ಗಪ್ಪೆಂದಿತು.

"ಈಗ ಒದರು ಕಾಕಾ. 'ನಿಲ್ಲರೋ, ನನ್ನ ಹಿಂಡು ಮುಟ್ಟಬ್ಯಾಡ್ರಿ' ಅನ್ನು."

ಕಾಕಾ ಪಿಸುಗುಟ್ಟಿದ: "ನಿಲ್ಲರೋ."

"ಜೋರಾಗಿ!"

"ಯಾಕ ಜೋರಾಗಿ? ಕುರಿ ಬೆದರತಾವ. ನಾವು ಒದರೂದಿಲ್ಲ, ಸೀಟಿ ಹಾಕತೇವಿ."

"ಮುಂದ ದಂಡು ನಿಂತೈತಿ ಕಾಕಾ! ಬಿಲ್ಲು ಹಿಡಕೊಂಡು ನಿಂತಾರ!"

"ನಿಲ್ಲಲಿ. ಹಿಂದ ಕುರಿ ನಿಂತಾವ."

ಅವನು ಒಂದು ಸಲ ಗಟ್ಟಿಯಾಗಿ ಹೇಳಲು ಬಾಯಿ ತೆರೆದ. ಅದೇ ಕ್ಷಣಕ್ಕೆ ಕರೆಂಟು ಬಂತು. ಖಟಾಖಟ್ ಖಟಾಖಟ್! ನಮ್ಮ ವೀರನ ಗರ್ಜನೆಯ ಹಿಂದೆ ಇಚಲಕರಂಜಿಯ ಅರ್ಧ ಓಣಿ ಸೀರೆ ನೇಯುತ್ತಿದೆ. ಅದನ್ನೇ ಹಾಕಿದೆ. ಮತ್ತೆ ಕರೆಂಟು ಹೋಗುವವರೆಗೆ ಕಾಯಲು ದಿನಗಳೆಲ್ಲಿದ್ದವು?

ದಿನಗಳು ಇರಲಿಲ್ಲ, ಮುಗಿದೇ ಹೋಗಿದ್ದವು. ನಾನು ಚಿತ್ರ ಹಿಡಿದುಕೊಂಡು ಹೋದಾಗ ಸಲ್ಲಿಸುವ ಕೊನೆಯ ದಿನ ಕಳೆದು ನಾಲ್ಕು ದಿನವಾಗಿತ್ತು. ಕಿಟಕಿಯ ಹಿಂದಿನ ಗುಮಾಸ್ತರು ಪೆನ್ ಡ್ರೈವ್ ಮುಟ್ಟಲೂ ಇಲ್ಲ. ಫಲಿತಾಂಶದ ಹಾಳೆಯಲ್ಲಿ ಎಲ್ಲ ವಿಷಯಗಳಲ್ಲೂ ಪಾಸು, ಪ್ರಾಜೆಕ್ಟಿನ ಎದುರಿಗೆ ಗೈರುಹಾಜರು. ಮೂವತ್ತು ಕುರಿಗಳನ್ನು ಒಂದೊಂದಾಗಿ ನಡೆಸಿದವಳು ಗೈರುಹಾಜರು! ಜೊತೆಯವರು ಕರಿ ಗೌನು ಹಾಕಿಕೊಂಡು ಫೋಟೋ ತೆಗೆಸಿಕೊಂಡ ದಿನ ನಾನು ಅವ್ವನ ಪಕ್ಕದಲ್ಲಿ ಕೂತು ಕಾಂಡಿ ಸುತ್ತಿದೆ. ಕಾಕಾ ಫೋನಿನಲ್ಲಿ ಏನಾದರೂ ಅನ್ನುತ್ತಾನೆಂದು ಕಾದೆ. ಅವನ ಪ್ರಸಿದ್ಧ ಮಾತಿಗೆ ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಅವನು ಬರೀ, "ಉಂಡೀಯೇನು?" ಎಂದ. ಅದು ಇನ್ನೂ ಕೆಟ್ಟದಾಗಿತ್ತು.

ಆರು ತಿಂಗಳ ಮೇಲೆ ಇನ್ನೊಂದು ಅವಕಾಶ ಕೊಟ್ಟರು, ಕೊನೆಯದು. ಷರತ್ತು ಒಂದು: ಚಿತ್ರವನ್ನು ಒಂದು ಶಾಲೆಯಲ್ಲಿ ಮಕ್ಕಳಿಗೆ ತೋರಿಸಬೇಕು, ಪರೀಕ್ಷಕರು ಅಲ್ಲೇ ಬಂದು ಕೂರುತ್ತಾರೆ, ಮಕ್ಕಳು ಏನು ಕಲಿತರೆಂದು ತಮ್ಮ ಕೈಯಿಂದಲೇ ಬರೆದುಕೊಡಬೇಕು. ನಮ್ಮ ಹಳ್ಳಿಯ ಮರಾಠಿ ಶಾಲೆಯನ್ನೇ ಆರಿಸಿಕೊಂಡೆ. ಮನೆಯಲ್ಲಿ ಕನ್ನಡ, ಬೆಂಚಿನ ಮೇಲೆ ಮರಾಠಿ ಮಾತಾಡುವ ನಲವತ್ತು ಮಕ್ಕಳು. ಕಿಟಕಿಗಳಿಗೆ ಕಾಕಾನ ಕಂಬಳಿಗಳನ್ನು ಕಟ್ಟಿ ಕತ್ತಲೆ ಮಾಡಿದೆವು. ಕಾಕಾ ಬಾಗಿಲ ಬಳಿ ನಿಂತ. ಪರೀಕ್ಷಕರು ಸಣ್ಣ ಮನುಷ್ಯ, ದಪ್ಪ ಕನ್ನಡಕ, ನಗುವ ಅಭ್ಯಾಸವಿಲ್ಲ.

ಚಿತ್ರ ಶುರುವಾಯಿತು. ವೀರ ಬಿಲ್ಲು ಹಿಡಿದು ನಿಂತ. ಮುಂದಿನ ಸಾಲಿನಿಂದ ಒಂದು ದನಿ: "ಹಾ ಗೇಮ ಕುಠಲಾ?"

ಯಾವ ಗೇಮ್ ಎಂದು ಕೇಳುತ್ತಿದೆ ಮಗು! ಅಲ್ಲಿಂದ ಹೆಜ್ಜೆಹೆಜ್ಜೆಗೂ ಶುರು. ಬಟನ್ ಎಲ್ಲಿದೆ? ಬಾಣ ಎಷ್ಟು ಉಳಿದಿವೆ? ಅರಸ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋದ, ಯಾರೂ ನೋಡಲಿಲ್ಲ. ಶಿಲಾಹಾರರ ಕಾಲ ಎಂಬ ಅಕ್ಷರಗಳು ಬಂದವು; ಯಾರೂ ಓದಲಿಲ್ಲ. ಕುರಿಗಳು ಬಂದಾಗ ಮಾತ್ರ ಗದ್ದಲ ನಿಂತಿತು. "ಏ, ಆ ಕಿವಿ ಹರಿದದ್ದು ನೋಡೋ!" "ಅದು ಹಿಂದ ನೋಡಾಕತ್ತೈತಿ ನೋಡ!" ಪರೀಕ್ಷಕರು ಏನೋ ಗೀಚಿಕೊಂಡರು. ಇತಿಹಾಸದ ಚಿತ್ರದಲ್ಲಿ ಇತಿಹಾಸ ಬಿಟ್ಟು ಎಲ್ಲ ಇದೆ ಎಂದು ಬರೆದಿರಬೇಕು.

ಬಾಣ ನಾಟಿತು. ವೀರ ಬಿದ್ದ. ಎರಡನೆಯ ಸಾಲಿನ ಹುಡುಗಿ ಎದ್ದು ನಿಂತು ನನ್ನನ್ನೇ ಕೇಳಿದಳು: "ಅಕ್ಕಾ, ಇವಗ ಇನ್ನ ಎಷ್ಟು ಲೈಫ್ ಉಳದಾವ?"

ಗೇಮಿನಲ್ಲಿ ಸತ್ತವನು ಮತ್ತೆ ಏಳುತ್ತಾನಲ್ಲ! ಮೂರು ವರ್ಷ ಕಲಿತವಳು ಬಾಯಿ ತೆರೆಯುವ ಮೊದಲೇ ಬಾಗಿಲ ಕಡೆಯಿಂದ ಕಾಕಾ ಹೇಳಿದ:

"ಒಂದ ಇತ್ತವಾ. ಕೊಟ್ಟುಬಿಟ್ಟ."

ಪರದೆಯ ಮೇಲೆ ಮೂವತ್ತು ಕುರಿಗಳು ಬಿದ್ದವನ ಸುತ್ತ ನಿಂತಿದ್ದವು. ಹುಡುಗಿ ಮೆಲ್ಲಗೆ ಕೂತಳು. ಚಿತ್ರ ಮುಗಿಯುವವರೆಗೆ ಯಾರೂ ಬಟನ್ ಕೇಳಲಿಲ್ಲ.

ಆಮೇಲೆ ಬರೆಯಿಸಿದ ಹಾಳೆಗಳನ್ನು ನಾನು ಕಣ್ಣು ಅರ್ಧ ಮುಚ್ಚಿಕೊಂಡು ಓದಿದೆ. 'ಪೂರ್ವಕಾಲದ ಕುರಿಗಳು ಕಪ್ಪಗಿದ್ದವು.' 'ಅರಸ ಬಹಳ ಅವಸರದಲ್ಲಿದ್ದ.' 'ನಮ್ಮ ಊರಿನ ಕಲ್ಲು ಮೊದಲು ಮನುಷ್ಯ ಇತ್ತು.' ಒಬ್ಬ ಬರೀ ಕುರಿಯ ಚಿತ್ರ ಬಿಡಿಸಿದ್ದ, ನನ್ನದಕ್ಕಿಂತ ಚೆನ್ನಾಗಿತ್ತು. ಹೋಯಿತು, ಎಲ್ಲ ಮುಗಿಯಿತು ಎಂದುಕೊಂಡೆ. ಪರೀಕ್ಷಕರು ಕನ್ನಡಕ ಒರೆಸಿಕೊಂಡು, ಕುರಿ ಎಂಬುದಕ್ಕೆ ಆಧಾರ ಸಾಲದು ಎಂದರು. ಅರಸನಿಗೆ ಅನ್ಯಾಯವಾಗಿದೆ ಎಂದರು. ಒಪ್ಪಿಕೊಂಡೆ. "ಒಂದು ಮಾತ್ರ ಚೆನ್ನಾಗಿದೆ," ಎಂದರು ಕೊನೆಗೆ, "ದೂರದಿಂದ ಬರುವ ಕುದುರೆಗಳ ಖುರಪುಟದ ಸದ್ದು. ಎಲ್ಲಿ ರೆಕಾರ್ಡ್ ಮಾಡಿದಿರಿ?"

ನಾನು ಕಾಕಾನ ಮುಖ ನೋಡಿದೆ. ಕಾಕಾ ಮುಂದೆ ಬಂದು, ಕೈ ಮುಗಿದು, ಬಹಳ ಗಂಭೀರವಾಗಿ ಹೇಳಿದ: "ಇಚಲಕರಂಜ್ಯಾಗ ಭಾಳ ಕುದುರಿ ಅದಾವ್ರಿ, ಸಾಹೇಬ್ರ."

ಪಾಸಾಯಿತು. ಬೇಕಾದಷ್ಟೇ ಅಂಕ, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಆ ಚಿತ್ರ ಮತ್ತೆ ಯಾವ ಶಾಲೆಗೂ ಹೋಗಲಿಲ್ಲ. ಹೊಸ ಪರದೆ ಬಂದಿದೆ, ತೋರಿಸುತ್ತೇವೆ ಎಂದ ಶಾಲೆಗಳ ಪರದೆ ಇನ್ನೂ ಡಬ್ಬಿಯಲ್ಲೇ ಇದೆ. ಇತಿಹಾಸ ತೋರಿಸಿ ಹೊಟ್ಟೆ ತುಂಬುತ್ತದೆಯೇ? ಈಗ ನಾನು ಇಚಲಕರಂಜಿಯ ಒಂದು ಅಂಗಡಿಯಲ್ಲಿ ಮದುವೆಯ ಆಮಂತ್ರಣದ ವಿಡಿಯೋ ಮಾಡುತ್ತೇನೆ. ಗಣಪತಿ ಕಿವಿ ಅಲ್ಲಾಡಿಸಬೇಕು, ವರ ಕುದುರೆಯಿಂದ ಇಳಿಯಬೇಕು, ವಧುವಿನ ಮೇಲೆ ಗುಲಾಬಿ ಬೀಳಬೇಕು. ದಿನಕ್ಕೆ ನಾಲ್ಕು ಜೋಡಿ. ಎಲ್ಲ ವರರೂ ಒಂದೇ ಮುಖದವರು, ನಕಲು. ಯಾರೂ ಕೇಳುವುದಿಲ್ಲ.

ಹೀಗೆ ಅರ್ಧ ವರ್ಷ ತಡವಾಗಿ, ಗೌನಿಲ್ಲದೆ, ಫೋಟೋ ಇಲ್ಲದೆ, ಆ ಗುಮಾಸ್ತರ ಕಿಟಕಿಯಲ್ಲೇ ಸಹಿ ಹಾಕಿ ನಾನು ಡಿಗ್ರಿಯ ಸರ್ಟಿಫಿಕೇಟ್ ಇಸಿದುಕೊಂಡೆ. ಅವ್ವನಿಗೆ ತೋರಿಸಿದೆ, ಅವ್ವ ಅತ್ತಳು, ಅದು ನಿರೀಕ್ಷಿಸಿದ್ದೇ. ಮರುದಿನ ರಜೆ ಹಾಕಿ ಹಳ್ಳಿಗೆ ಹೋದೆ. ಕಾಕಾ ಹಿಂಡನ್ನು ಕಬ್ಬು ಕಡಿದ ಹೊಲದತ್ತ ಹೊಡೆದುಕೊಂಡು ಹೊರಟಿದ್ದ. ಸರ್ಟಿಫಿ‌ಕೇಟನ್ನು ಅವನ ಮುಂದೆ ಹಿಡಿದೆ.

"ತಡಿ, ಮುಟ್ಟಸಬ್ಯಾಡ," ಎಂದು ಹಿಂದೆ ಸರಿದ. ಕೋಲು ನೆಲಕ್ಕೆ ಹಾಕಿ, ಕ್ಯಾನಿನ ನೀರಿನಿಂದ ಕೈ ತೊಳೆದುಕೊಂಡ. ಧೋತರಕ್ಕೆ ಒರೆಸಲಿಲ್ಲ, ಗಾಳಿಯಲ್ಲಿ ಹಿಡಿದು ಒಣಗಿಸಿದ. ಆಮೇಲೆ ಹುಟ್ಟಿದ ಮರಿಯನ್ನು ಎತ್ತುವ ಹಾಗೆ ಕೆಳಗಿನಿಂದ ಎರಡೂ ಕೈ ಕೊಟ್ಟು ತೆಗೆದುಕೊಂಡ. ಅವನಿಗೆ ಓದಲು ಬರುವುದಿಲ್ಲ. ಮೇಲಿನಿಂದ ಕೆಳಗಿನವರೆಗೆ ನೋಡಿದ, ತಿರುಗಿಸಿ ಹಿಂಬದಿ ನೋಡಿದ.

"ಇದನ್ನ ಯಾವಾಗ ತಿರಿಗಿ ಕೊಡಬೇಕು?"

"ಕೊಡೂದಿಲ್ಲ ಕಾಕಾ. ಇದು ನಂದು."

"ಅಂದ್ರ, ಅವರು ಮತ್ತ ಕೇಳಾಕ ಬರೂದಿಲ್ಲ?"

"ಇಲ್ಲ."

"ಯಾರೂ?"

"ಯಾರೂ."

ಮುಂದೆ ಹೋಗಿದ್ದ ಕುರಿಗಳು ನಿಂತು, ಹಿಂದೆ ತಿರುಗಿ ನೋಡಿ, ಒಂದೆರಡು ಕೂಗು ಹಾಕಿದವು. ಕಾಕಾ ಅತ್ತ ನೋಡಲೂ ಇಲ್ಲ. ಬದುವಿನ ಮೇಲೆ ಕೂತು, ಪಕ್ಕದ ಜಾಗವನ್ನು ಕೈಯಿಂದ ಝಾಡಿಸಿದ.

"ಕುಂಡ್ರ ಮಗಳ, ಇಲ್ಲೆ. ಮ್ಯಾಲಿಂದ ಕೆಳತನಕ ಏನೇನ ಬರದಾರ, ಎಲ್ಲಾ ಓದಿ ಹೇಳು. ಮೆಲ್ಲಕ ಓದು, ಒಂದ ಅಕ್ಷರಾನೂ ಬಿಡಬ್ಯಾಡ. ಕುರಿ ನಿಲ್ಲಲಿ ಇವತ್ತ."